ತೋಟದ ದಾರಿ, ತಡರಾತ್ರಿಯ ಫೋನು

ಕೇಳುಗರಿಗೆ ನಮಸ್ಕಾರ. ನಾನು ಕೊಡಗಿನ ಹೈಸ್ಕೂಲೊಂದರಲ್ಲಿ ಆಟ ಕಲಿಸುವ ಟೀಚರ್. ಜೂನ್‌ನಲ್ಲಿ ಮಳೆ ಹಿಡಿಯಿತೆಂದರೆ ನಮ್ಮ ಮೈದಾನ ಕೆಸರುಗದ್ದೆ. ಸೆಪ್ಟೆಂಬರ್‌ನಲ್ಲಿ ಮಕ್ಕಳು ಮತ್ತೆ ಹಾಕಿ ಸ್ಟಿಕ್ ಹಿಡಿಯುತ್ತಾರೆ. ಅರ್ಧ ಮೈದಾನ ಓಡುವಷ್ಟರಲ್ಲೇ ಕೆಲವರು ಸೊಂಟಕ್ಕೆ ಕೈಕೊಟ್ಟು ನಿಂತುಬಿಡುತ್ತಾರೆ. ತೂಕ ಜಾಸ್ತಿಯಾಗಿರುತ್ತದೆ. ಅವರನ್ನು ಸೋಮಾರಿಗಳು ಅಂದರೆ ನನಗೆ ನೋವಾಗುತ್ತದೆ.

ಅವರ ದಿನ ಹೇಗಿದೆ ನೋಡಿ. ಅಪ್ಪ ಅಮ್ಮ ತೋಟದ ದಾರಿಯಲ್ಲಿ ನಡೆದೇ ಶಾಲೆಗೆ ಬಂದವರು. ಈಗ ಸಿದ್ದಾಪುರ, ಪಾಲಿಬೆಟ್ಟದ ಕಡೆ ಬೆಳಗ್ಗೆ ಕಾಫಿ ಗಿಡಗಳ ನಡುವೆ ಆನೆ ನಿಂತಿರುತ್ತದೆ. ಯಾವ ತಾಯಿ ತಾನೇ ಮಗುವನ್ನು ಒಂಟಿಯಾಗಿ ನಡೆಸಿ ಕಳಿಸುತ್ತಾಳೆ? ಹೀಗೆ ವ್ಯಾನು ಬಂತು, ನಡಿಗೆ ಹೋಯಿತು. 5ರಿಂದ 17 ವರ್ಷದ ಮಕ್ಕಳ ಮೈಗೆ ದಿನಕ್ಕೆ ಸರಾಸರಿ 60 ನಿಮಿಷವಾದರೂ ಚುರುಕಾದ ಓಡಾಟ ಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ.

ಊಟದ ವಿಷಯಕ್ಕೆ ಬಂದರೆ ಎಲ್ಲರೂ ಕಡಂಬುಟ್ಟು ಎನ್ನುವ ನಮ್ಮ ಅಕ್ಕಿ ಕಡುಬು, ಅಕ್ಕಿ ರೊಟ್ಟಿಯನ್ನೇ ದೂರುತ್ತಾರೆ. ನನಗಿರುವ ಚಿಂತೆ ಅಂಗಡಿಯ ಬಾಟಲಿಯದು. 300 ಮಿಲಿಲೀಟರ್ ಕೋಲಾದಲ್ಲಿ ಏಳೆಂಟು ಚಮಚ ಸಕ್ಕರೆ ಇರುತ್ತದೆ. ಅಷ್ಟು ಸಕ್ಕರೆ ಹಾಕಿದ ಕಾಫಿಯನ್ನು ನಾವು ಬಾಯಿಗೂ ಇಡುವುದಿಲ್ಲ, ಅಲ್ವಾ?

ಆದರೆ ನಾನು ಇವತ್ತು ಮುಖ್ಯವಾಗಿ ಹೇಳಬೇಕೆಂದು ಬಂದದ್ದು ನಿದ್ದೆಯ ಬಗ್ಗೆ. ಹದಿಹರೆಯದವರಿಗೆ ರಾತ್ರಿ 8ರಿಂದ 10 ಗಂಟೆ ನಿದ್ದೆ ಬೇಕು. ಈ ವಯಸ್ಸಿನಲ್ಲಿ ಮೈಯೊಳಗಿನ ಗಡಿಯಾರವೇ ಹಿಂದೆ ಸರಿಯುತ್ತದೆ, ನಿದ್ದೆ ಬೇಗ ಹತ್ತುವುದಿಲ್ಲ. ಅದರ ಮೇಲೆ ಹೊದಿಕೆಯೊಳಗೆ ಫೋನು. ಬೆಳಗ್ಗೆ ಏಳಕ್ಕೆಲ್ಲ ಗೇಟಿನ ಹತ್ತಿರ ವ್ಯಾನಿನ ಹಾರನ್. ಹಾಗಾದರೆ ಮಲಗಿದ್ದು ಎಷ್ಟು ಹೊತ್ತು? ನಿದ್ದೆ ಕಡಿಮೆಯಾದಾಗ ಹಸಿವು ಕೆರಳಿಸುವ ಗ್ರೆಲಿನ್ ಹಾರ್ಮೋನು ಏರಬಹುದು, ಹೊಟ್ಟೆ ತುಂಬಿತು ಎಂದು ಹೇಳುವ ಲೆಪ್ಟಿನ್ ಇಳಿಯಬಹುದು. ಸಿಹಿಯದು, ಕರಿದದ್ದು ಬೇಕೆನಿಸುತ್ತದೆ. ತಿಂಡಿ ಬಿಟ್ಟು ಬಂದ ಮಗು ಹನ್ನೊಂದಕ್ಕೆ ಚಿಪ್ಸ್ ಪ್ಯಾಕೆಟ್ ಒಡೆಯುತ್ತದೆ. ಸುಸ್ತಾಗಿರುವುದರಿಂದ ಸಂಜೆ ಆಟಕ್ಕೂ ಬರುವುದಿಲ್ಲ.

ಅದಕ್ಕೇ ಕೇಳಿಕೊಳ್ಳುತ್ತೇನೆ, ರಾತ್ರಿ ಮನೆಯವರೆಲ್ಲರ ಫೋನು ಹಾಲ್‌ನಲ್ಲೇ ಚಾರ್ಜಿಗೆ ಇರಲಿ. ಅಪ್ಪನದೂ, ಅಮ್ಮನದೂ. ದಪ್ಪಗಿದ್ದಾಳೆ ಅಂತ ಬೆಳೆಯುವ ಮಗುವಿಗೆ ಊಟ ಬಿಡಿಸಬೇಡಿ, ನೆಂಟರೆದುರು ಡುಮ್ಮಿ ಅನ್ನಬೇಡಿ. ಅನುಮಾನವಿದ್ದರೆ ಡಾಕ್ಟರ ಹತ್ತಿರ ವಯಸ್ಸಿಗೆ ತಕ್ಕ ಎತ್ತರ, ತೂಕ ನೋಡಿಸಿ. ದೊಡ್ಡವರ ಲೆಕ್ಕ ಮಕ್ಕಳಿಗೆ ಹೊಂದುವುದಿಲ್ಲ. ಕೆಲವರಿಗೆ ಥೈರಾಯ್ಡ್‌ನಂಥ ಕಾರಣವೂ ಇರಬಹುದು.

ಮಳೆಗಾಲಕ್ಕೆ ಏನು ಮಾಡುವುದು ಅಂತೀರಾ? ಹೋದ ಜುಲೈಯಲ್ಲಿ ನಾನು ಬೆಂಚುಗಳನ್ನು ಗೋಡೆಗೆ ಸರಿಸಿ, ಫೋನಿನಲ್ಲಿ ವಾಲಗ ಹಾಕಿದೆ. ಕಾಲು ಗಂಟೆ ಕುಣಿದದ್ದಕ್ಕೆ ಎಲ್ಲರೂ ಬೆವತರು. ಮೈದಾನದಲ್ಲಿ ಸದಾ ಹಿಂದೆ ಉಳಿಯುತ್ತಿದ್ದ ಹುಡುಗಿಯೊಬ್ಬಳು ಆ ದಿನ ಎಲ್ಲರಿಗಿಂತ ಮುಂದೆ ನಿಂತು ಕುಣಿದಳು. ಮರುದಿನ ಬೆಲ್ ಹೊಡೆಯುವ ಮೊದಲೇ ಬಂದು, "ಮಿಸ್, ಇವತ್ತೂ ವಾಲಗ ಇದೆಯಾ?" ಅಂತ ಕೇಳಿದಳು.