ಮನೆಯ ಗ್ಯಾರೇಜಿನಲ್ಲಿ ವೆಲ್ಡಿಂಗ್: ಅವಸರವಿಲ್ಲದವರ ಹವ್ಯಾಸ

ಎಲ್ಲರಿಗೂ ನಮಸ್ಕಾರ.

"ಈ ತಿಂಗಳು ಸಾಹಿತ್ಯಾನೂ ಬ್ಯಾಡ, ಸಂಗೀತಾನೂ ಬ್ಯಾಡ, ನಿಮ್ಮ ವೆಲ್ಡಿಂಗ್ ಬಗ್ಗೆ ಮಾತಾಡ್ರಿ" ಅಂತ ನಮ್ಮ ಸಂಘದ ಕಾರ್ಯದರ್ಶಿಗಳು ಅಂದರು. ಧೈರ್ಯವಂತರು. ಇಲ್ಲಿ ಕೂತವರಲ್ಲಿ ಅರ್ಧ ಜನ ಪುಣೆ ಸುತ್ತಲಿನ ಪಿಂಪ್ರಿ, ಭೋಸರಿ, ಚಾಕಣದ ಕಾರ್ಖಾನೆಗಳಲ್ಲಿ ಕೆಲಸ ಮಾಡಿದವರು, ರೋಬೋಟು ವೆಲ್ಡಿಂಗ್ ಮಾಡುವುದನ್ನು ದಿನಾ ಕಂಡವರು. ನಾನು ಹೇಳಹೊರಟಿದ್ದು ಆ ವೆಲ್ಡಿಂಗ್ ಅಲ್ಲ. ನಿಗಡಿ ಪ್ರಾಧಿಕರಣದ ಒಂದು ರೋ ಹೌಸಿನಲ್ಲಿ, ಕಾರು ನಿಲ್ಲಬೇಕಾದ ಜಾಗದಲ್ಲಿ, ರಜೆಯ ದಿನ ಮಾಡುವ ವೆಲ್ಡಿಂಗ್. ಕಾರು ಸದ್ಯ ರಸ್ತೆ ಮೇಲಿದೆ. ಆ ಬಗ್ಗೆ ನಮ್ಮ ಮನೆಯವರ ಅಭಿಪ್ರಾಯವನ್ನು ವೇದಿಕೆ ಮೇಲೆ ಹೇಳುವುದು ಬೇಡ.

ಹೊಸದಾಗಿ ಶುರು ಮಾಡಿದವರೆಲ್ಲ ರಸ್ತೆ ಬದಿಯ ಫ್ಯಾಬ್ರಿಕೇಶನ್ ಅಂಗಡಿಯವರನ್ನು ನೋಡಿ ಕಲಿಯಲು ಹೋಗುತ್ತಾರೆ. ಅವರ ಕೈ ಪಳಗಿದ್ದು, ಅನುಮಾನವಿಲ್ಲ. ಆದರೆ ಅವರಿಗೆ ಮಜೂರಿ ಸಿಗುವುದು ಬಹಳ ಸಲ ಕಿಲೋ ಲೆಕ್ಕದಲ್ಲಿ. ಗೇಟಿಗೆ ಎಷ್ಟು ಕಿಲೋ ಕಬ್ಬಿಣ ಹೋಯಿತೋ ಅಷ್ಟು ದುಡ್ಡು. ಹಾಗಿರುವಾಗ ತುಕ್ಕು ಉಜ್ಜುತ್ತ, ಮೂಲೆ ಅಳೆಯುತ್ತ, ಕಾದದ್ದು ಆರಲಿ ಎಂದು ಕಾಯುತ್ತ ಕೂತರೆ ಅವರ ಹೊಟ್ಟೆ ತುಂಬುವುದಿಲ್ಲ. ಅವರು ಬೇಗ ಮಾಡುವುದು ಅನಿವಾರ್ಯಕ್ಕೆ, ನಾವು ಅದನ್ನೇ ಜಾಣತನ ಅಂದುಕೊಳ್ಳುತ್ತೇವೆ. ಅವರ ಕೈಚಳಕ ನಮಗಿಲ್ಲ, ಅವರಿಗಿಲ್ಲದ ಪುರುಸೊತ್ತು ನಮಗಿದೆ. ಆ ಪುರುಸೊತ್ತನ್ನು ಕಿಡಿ ಹಾರಿಸುವುದರಲ್ಲಿ ಕಳೆಯದೆ ಅದರ ಹಿಂದುಮುಂದಿನ ಕೆಲಸಕ್ಕೆ ಹಾಕಬೇಕು ಎನ್ನುವುದು ಇವತ್ತಿನ ನನ್ನ ಮಾತು.

ಮೊದಲು ಮೆಷಿನ್ ವಿಷಯ ಮುಗಿಸಿಬಿಡೋಣ. ಹಿಂದೆ ತಾಮ್ರದ ಸುರುಳಿ ಸುತ್ತಿದ ಟ್ರಾನ್ಸ್‌ಫಾರ್ಮರನ್ನು ಇಬ್ಬರು ಹಿಡಿದು ಸರಿಸಬೇಕಿತ್ತು. ಈಗಿನ ಇನ್ವರ್ಟರ್ ಮೆಷಿನ್ ಒಂದು ಕೈಚೀಲದಷ್ಟು. ಡಬ್ಬದ ಮೇಲೆ 200, 250 ಆಂಪಿಯರ್ ಎಂದು ದಪ್ಪಕ್ಷರದಲ್ಲಿ ಬರೆದಿರುತ್ತದೆ. ಅದನ್ನು ಬಿಟ್ಟು ಹಿಂದಿನ ತಗಡಿನ ಮೇಲಿನ ಸಣ್ಣಕ್ಷರ ಓದಿ. ಡ್ಯೂಟಿ ಸೈಕಲ್ 60 ಶೇಕಡಾ ಅಂದರೆ ಹತ್ತು ನಿಮಿಷದಲ್ಲಿ ಆರು ನಿಮಿಷ ಮಾತ್ರ ಆ ಕರೆಂಟಿನಲ್ಲಿ ನಡೆಸಬಹುದು ಎಂದರ್ಥ. ನಮಗೆ 200 ಆಂಪಿಯರ್ ಬೇಕಾಗುವುದೂ ಇಲ್ಲ. ಕರಗಿ ಸಂದಿ ತುಂಬುವ ಕಡ್ಡಿಗೆ ರಾಡ್ ಎನ್ನುತ್ತಾರೆ, 6013, 7018 ಎಂಬುವು ಅದರ ಜಾತಿಗಳು. 2.5 ಮಿಲಿಮೀಟರ್ ದಪ್ಪದ 6013 ರಾಡ್ 70ರಿಂದ 80 ಆಂಪಿಯರಿನಲ್ಲಿ ಚೆನ್ನಾಗಿ ಉರಿಯುತ್ತದೆ, ಮನೆಯ 16 ಆಂಪಿಯರ್ ಪಾಯಿಂಟ್ ಅದನ್ನು ತಡೆದುಕೊಳ್ಳುತ್ತದೆ. 3.15ರ ರಾಡಿಗೆ ಹೋದರೆ 100 ದಾಟಬೇಕು, ಪಾಯಿಂಟ್ ಬಿಸಿಯಾಗಲು ಶುರುವಾಗುತ್ತದೆ. ಇಸ್ತ್ರಿ ಪೆಟ್ಟಿಗೆಗೆ ತಂದ ತೆಳು ಎಕ್ಸ್‌ಟೆನ್ಶನ್ ವೈರನ್ನಂತೂ ಇದಕ್ಕೆ ಹಚ್ಚಲೇಬೇಡಿ. 7018 ರಾಡ್ ಬಲವಾದದ್ದು, ನಿಜ. ಆದರೆ ಒಮ್ಮೆ ತೇವ ಹೀರಿತೋ, 300 ಡಿಗ್ರಿಗೂ ಹೆಚ್ಚಿನ ಶಾಖದಲ್ಲಿ ಒಣಗಿಸಬೇಕು. ಪುಣೆಯ ಜುಲೈ ತಿಂಗಳಲ್ಲಿ ಅದು ತೇವ ಹೀರದೆ ಇರುವುದಿಲ್ಲ, ಮನೆಯ ಓವನ್ನು ಅಷ್ಟು ಕಾಯುವುದಿಲ್ಲ. ಸುಮ್ಮನೆ 6013 ತನ್ನಿ.

ಇನ್ನು ಕೈ. ಭೋಸರಿಯಲ್ಲಿ ಇಂಡಿ ಕಡೆಯ ಒಬ್ಬ ವೆಲ್ಡರ್ ಇದ್ದಾರೆ. ನನಗೆ ಅವರು ಹೇಳಿಕೊಟ್ಟದ್ದು ಒಂದೇ ಮಾತು: "ಬೆಳಕ ನೋಡಬ್ಯಾಡ್ರಿ ಸರ, ಬೆಳಕಿನ ಹಿಂದ ನೀರ್ ಹರೀತೈತಲ್ಲ, ಅದನ್ನ ನೋಡ್ರಿ." ಹೊಸಬರ ಕಣ್ಣು ಆರ್ಕ್ ಮೇಲೆಯೇ, ಅಂದರೆ ರಾಡಿನ ತುದಿಯಲ್ಲಿ ಉರಿಯುವ ಬೆಳಕಿನ ಮೇಲೆಯೇ, ನೆಟ್ಟಿರುತ್ತದೆ. ನೋಡಬೇಕಾದ್ದು ಅದರ ಹಿಂದೆ ಕರಗಿ ನಿಂತ ಲೋಹದ ಪುಟ್ಟ ಹೊಂಡವನ್ನು. ಎರಡು ತುಂಡುಗಳ ಅಂಚನ್ನೂ ಅದು ಮುಟ್ಟಿತೇ, ಅಗಲ ಒಂದೇ ಸಮ ಇದೆಯೇ, ಅದರ ಮೇಲೆ ತೇಲುವ ಸ್ಲ್ಯಾಗ್ ಎಂಬ ಕಿಟ್ಟ ಮುಂದಕ್ಕೆ ನುಗ್ಗುತ್ತಿದೆಯೇ, ಎಲ್ಲವೂ ಅಲ್ಲಿ ಕಾಣುತ್ತದೆ. ಸ್ಲ್ಯಾಗ್ ಮುಂದೆ ನುಗ್ಗಿದರೆ ಅದು ಒಳಗೇ ಸಿಕ್ಕಿಕೊಳ್ಳುತ್ತದೆ. ಮೇಲಿಂದ ನೋಡಲು ಚೆಂದ, ಒಳಗೆ ಟೊಳ್ಳು. ರಾಡಿನ ತುದಿಗೂ ಲೋಹಕ್ಕೂ ನಡುವೆ ರಾಡಿನ ದಪ್ಪದಷ್ಟೇ ಅಂತರವಿರಲಿ. ದೂರವಾದರೆ ಕಿಡಿ ಚೆಲ್ಲಾಡುತ್ತದೆ, ತೀರ ಹತ್ತಿರವಾದರೆ ರಾಡ್ ಅಂಟಿಕೊಳ್ಳುತ್ತದೆ.

ಈಗ ನನಗೆ ಬಹಳ ಪ್ರಿಯವಾದ ಭಾಗಕ್ಕೆ ಬರುತ್ತೇನೆ. ಕಬ್ಬಿಣ ಸುಮ್ಮನೆ ಕೂಡುವ ವಸ್ತುವಲ್ಲ. ಒಂದು ಮೀಟರ್ ಉಕ್ಕನ್ನು 100 ಡಿಗ್ರಿ ಕಾಯಿಸಿದರೆ ಸುಮಾರು 1.2 ಮಿಲಿಮೀಟರ್ ಬೆಳೆಯುತ್ತದೆ. ಇಡೀ ತುಂಡು ಬೆಳೆದು ಇಡೀ ತುಂಡು ಕುಗ್ಗಿದರೆ ತೊಂದರೆಯಿಲ್ಲ. ವೆಲ್ಡಿಂಗಿನಲ್ಲಿ ಕಾಯುವುದು ಒಂದು ಗೆರೆ ಮಾತ್ರ. ಸುತ್ತ ತಣ್ಣಗಿರುವ ಲೋಹ ಅದನ್ನು ಹಿಗ್ಗಲು ಬಿಡುವುದಿಲ್ಲ, ಮೆತ್ತಗಾದ ಗೆರೆ ಅಲ್ಲೇ ಅಮುಕಿಸಿಕೊಳ್ಳುತ್ತದೆ. ಆರುವಾಗ ಮಾತ್ರ ಅದು ಕುಗ್ಗುತ್ತದೆ, ಮೊದಲಿದ್ದ ಉದ್ದಕ್ಕಿಂತ ಗಿಡ್ಡವಾಗುತ್ತದೆ, ಪಕ್ಕದ ಲೋಹವನ್ನೂ ತನ್ನ ಕಡೆ ಎಳೆಯುತ್ತದೆ. ಕೆಂಡದ ಮೇಲೆ ಹಿಡಿದ ಹಪ್ಪಳ ಬೆಂಕಿಯ ಕಡೆಗೇ ಮುದುಡಿಕೊಳ್ಳುವುದನ್ನು ನೀವು ನೋಡಿದ್ದೀರಿ. ಉಕ್ಕೂ ವೆಲ್ಡ್ ಬಿದ್ದ ಕಡೆಗೇ ಬಾಗುತ್ತದೆ.

ಕುಂಡ ಇಡುವ ಒಂದು ಸ್ಟ್ಯಾಂಡ್ ಮಾಡುತ್ತೀರಿ ಅಂದುಕೊಳ್ಳಿ. ಮೇಲಿನ ಚೌಕಟ್ಟು 900ಕ್ಕೆ 450 ಮಿಲಿಮೀಟರ್. 25 ಮಿಲಿಮೀಟರ್ ಚೌಕ ಪೈಪ್, ಗೋಡೆ ದಪ್ಪ 2 ಮಿಲಿಮೀಟರ್. ಅಂಗಡಿಯವರು 18 ಗೇಜ್ ಸಾಕು, ಹಗುರ, ಅಗ್ಗ ಎನ್ನುತ್ತಾರೆ. 18 ಗೇಜ್ ಅಂದರೆ 1.2 ಮಿಲಿಮೀಟರ್ ಆಸುಪಾಸು. ಕಲಿಯುವವರ ಕೈಯಲ್ಲಿ ಅದು ತೂತು ಬೀಳುತ್ತದೆ. 2 ಮಿಲಿಮೀಟರಿನದಾದರೆ ಮೀಟರಿಗೆ ಹತ್ತಿರ ಹತ್ತಿರ 1.4 ಕಿಲೋ, 6 ಮೀಟರಿನ ಒಂದು ಉದ್ದ ಎಂಟೂವರೆ ಕಿಲೋ ಚಿಲ್ಲರೆ. ತಕ್ಕಡಿ ಮುಂದೆ ನಿಂತಾಗ ಈ ಲೆಕ್ಕ ಗೊತ್ತಿರಲಿ, ಪೈಪ್ ತೆಳು ಇದ್ದರೆ ತೂಕವೇ ಹೇಳಿಬಿಡುತ್ತದೆ. ಗುಂಡು ಸರಳಾದರೆ ಇನ್ನೂ ಸುಲಭ: ಮಿಲಿಮೀಟರ್ ವ್ಯಾಸವನ್ನು ಅದರಿಂದಲೇ ಗುಣಿಸಿ 162ರಿಂದ ಭಾಗಿಸಿದರೆ ಮೀಟರಿಗೆ ಎಷ್ಟು ಕಿಲೋ ಎಂದು ಬರುತ್ತದೆ.

ನಾಲ್ಕು ತುಂಡು ಕತ್ತರಿಸಿ, ತುದಿಗಳನ್ನು ಹೊಳೆಯುವ ತನಕ ಉಜ್ಜಿ, ಮೂಲೆಮಟ್ಟ ಹಿಡಿದು ಜೋಡಿಸಿ. ಪೂರ್ತಿ ವೆಲ್ಡ್ ಬೇಡ, ಮೂಲೆಗೊಂದು ಟ್ಯಾಕ್, ಅಂದರೆ ಚುಕ್ಕೆಯಷ್ಟು ವೆಲ್ಡ್, ಸಾಕು. ಆಮೇಲೆ ಟೇಪ್ ತೆಗೆದು ಎರಡೂ ಕರ್ಣ ಅಳೆಯಿರಿ. ಹೊರಗಿನಿಂದ ಹೊರಕ್ಕೆ ಎರಡೂ 1006 ಬರಬೇಕು. ಒಂದು 1008, ಇನ್ನೊಂದು 1004 ಬಂದರೆ ಚೌಕಟ್ಟು ಓರೆಯಾಗಿದೆ. ಉದ್ದ ಬಂದ ಕರ್ಣದ ಮೂಲೆಯನ್ನು ಮರದ ತುಂಡು ಅಡ್ಡ ಹಿಡಿದು ಸುತ್ತಿಗೆಯಿಂದ ಮೆಲ್ಲಗೆ ಬಡಿದರೆ ಟ್ಯಾಕ್ ಮಣಿಯುತ್ತದೆ. ಪೂರ್ತಿ ವೆಲ್ಡ್ ಆದ ಮೇಲೆ ಅದು ಯಾರಪ್ಪನ ಮಾತೂ ಕೇಳುವುದಿಲ್ಲ. ಅಳತೆ ಸರಿಬಂದ ಮೇಲೆ ಒಂದು ಮೂಲೆ, ನಂತರ ಅದರ ಎದುರು ಮೂಲೆ, ಹೀಗೆ ವೆಲ್ಡ್ ಮಾಡಿ. ನಡುವೆ ಕೈ ಇಟ್ಟರೆ ತಡೆಯುವಷ್ಟು ಆರಬೇಕು. ಚಹಾ ಕುಡಿಯಲು ಅಷ್ಟು ಹೊತ್ತು ಸಾಕು. ಕಾಲುಗಳಿಗೂ ಇದೇ ನಿಯಮ. ಒಳಬದಿಯನ್ನೇ ಮೊದಲು ಮುಗಿಸಿದರೆ ಕಾಲು ಒಳಕ್ಕೆ ವಾಲುತ್ತದೆ, ಹೊರಗೊಂದಿಷ್ಟು ಒಳಗೊಂದಿಷ್ಟು ಹಾಕುತ್ತ ಹೋಗಬೇಕು.

ಇಲ್ಲಿ ಎರಡು ಮಾತು ಪುಸ್ತಕದಲ್ಲಿ ಬೇಗ ಸಿಗುವುದಿಲ್ಲ. ಮೂಲೆ ಹಿಡಿಯಲು ತ್ರಿಕೋನದ ಮ್ಯಾಗ್ನೆಟ್ ಮಾರುತ್ತಾರಲ್ಲ, ಟ್ಯಾಕ್ ಆದ ಕೂಡಲೇ ಅದನ್ನು ತೆಗೆಯಿರಿ. ಇನ್ವರ್ಟರ್ ಕೊಡುವುದು ಡಿಸಿ ಕರೆಂಟು, ಮ್ಯಾಗ್ನೆಟ್ ಪಕ್ಕದಲ್ಲಿದ್ದರೆ ಆರ್ಕ್ ಓರೆಯಾಗಿ ಹಾರುತ್ತದೆ, ಕೈ ಸರಿಯಿಲ್ಲ ಎಂದು ನೀವು ನಿಮ್ಮನ್ನೇ ಬೈದುಕೊಳ್ಳುತ್ತೀರಿ. ಎರಡನೆಯದು, ಗ್ಯಾರೇಜಿನ ನೆಲ. ನೀರು ಹರಿದು ಹೋಗಲೆಂದು ಅದಕ್ಕೆ ಇಳಿಜಾರು ಕೊಟ್ಟಿರುತ್ತಾರೆ. ಅದರ ಮೇಲೆ ಇಟ್ಟು ಕಾಲು ಕೂಡಿಸಿದರೆ ಸ್ಟ್ಯಾಂಡು ಗ್ಯಾರೇಜಿನಲ್ಲಿ ಗಟ್ಟಿಯಾಗಿ ನಿಲ್ಲುತ್ತದೆ, ಬಾಲ್ಕನಿಗೆ ಒಯ್ದರೆ ಕುಣಿಯುತ್ತದೆ. ಅಡುಗೆಮನೆ ಕಟ್ಟೆ ಕೊಯ್ದಾಗ ಉಳಿದ ಗ್ರಾನೈಟ್ ತುಂಡು ಸಿಕ್ಕರೆ ಬಿಡಬೇಡಿ. ಅದರ ಮೇಲೆ ವೆಲ್ಡ್ ಮಾಡಬಾರದು, ಸಮತಟ್ಟು ನೋಡಲು ಅದಕ್ಕಿಂತ ಅಗ್ಗದ ಸಾಧನವಿಲ್ಲ.

ಅಪಾಯದ ಮಾತು ಬೇಸರ ತರಿಸುತ್ತದೆ, ಆದರೂ ಹೇಳಬೇಕು. ಕಪ್ಪು ಗಾಜಿಲ್ಲದೆ ಆರ್ಕ್ ನೋಡಿದರೆ ತಕ್ಷಣ ಏನೂ ಆಗುವುದಿಲ್ಲ. ಅದೇ ಮೋಸ. ಹಲವು ಗಂಟೆ ಕಳೆದು, ಬಹುತೇಕ ನಡುರಾತ್ರಿ, ಕಣ್ಣಲ್ಲಿ ಮರಳು ಸುರಿದ ಹಾಗೆ ಉರಿ ಏಳುತ್ತದೆ. ನೇರಳಾತೀತ ಕಿರಣ ಕಣ್ಣಿನ ಮೇಲ್ಪದರವನ್ನು ಸುಟ್ಟಿರುತ್ತದೆ. ಆಲೂಗಡ್ಡೆ ಹೋಳು ಇಡುವ ಮದ್ದು ಎಲ್ಲ ಊರಲ್ಲೂ ಇದೆ. ಅದನ್ನು ಬಿಟ್ಟು ಕಣ್ಣಿನ ಡಾಕ್ಟರ ಹತ್ತಿರ ಹೋಗಿ. ಹೆಲ್ಮೆಟ್ ಗಾಜಿನ ಶೇಡ್, ಅಂದರೆ ಕಪ್ಪಿನ ಅಳತೆ, 10 ಅಥವಾ 11 ಇರಲಿ. ಪಕ್ಕದ ಮನೆಯ ಮಕ್ಕಳು ಗೇಟಿನ ಸಂದಿಯಲ್ಲಿ ನಿಂತು ನೋಡುತ್ತಾರೆ, ಅವರಿಗಾಗಿ ಒಂದು ಪರದೆ ಕಟ್ಟಿ. ಪರದೆ ಸಿಂಥೆಟಿಕ್ ಆಗಿರಬಾರದು, ನಿಮ್ಮ ಅಂಗಿಯೂ ಅಷ್ಟೆ.

ಗ್ಯಾಲ್ವನೈಸ್ ಮಾಡಿದ ನೀರಿನ ಪೈಪ್ ಮನೆಯಲ್ಲಿ ಬಿದ್ದಿರುತ್ತದೆ, ಆಸೆಯಾಗುತ್ತದೆ. ಅದರ ಮೇಲಿನ ಸತು 907 ಡಿಗ್ರಿಗೆ ಕುದಿಯುತ್ತದೆ, ಉಕ್ಕು ಕರಗಲು 1500ರ ಹತ್ತಿರ ಬೇಕು. ಅಂದರೆ ಉಕ್ಕು ಕರಗುವ ಮೊದಲೇ ಸತು ಬಿಳಿ ಹೊಗೆಯಾಗಿ ನಿಮ್ಮ ಮೂಗಿಗೆ ಬಂದಿರುತ್ತದೆ. ಸಂಜೆಗೆ ಚಳಿ, ಜ್ವರ, ಮೈಕೈ ನೋವು. ಹಾಲು ಕುಡಿದರೆ ಸರಿಹೋಗುತ್ತದೆ ಎಂದು ಕೆಲಸದವರು ನಂಬುತ್ತಾರೆ. ಹಾಲು ಹೋಗುವುದು ಹೊಟ್ಟೆಗೆ, ಹೊಗೆ ಹೋದದ್ದು ಶ್ವಾಸಕೋಶಕ್ಕೆ. ಸತು ಇಲ್ಲದ ಕಪ್ಪು ಪೈಪನ್ನೇ ಕೊಳ್ಳಿ. ಪೆಟ್ರೋಲ್ ಟ್ಯಾಂಕು, ಎಣ್ಣೆ ಡ್ರಮ್ಮು ಎಷ್ಟು ತೊಳೆದಿದ್ದರೂ ಮುಟ್ಟಬೇಡಿ, ಉಳಿದ ಆವಿ ಸಿಡಿಯುತ್ತದೆ.

ನನ್ನನ್ನು ಕೇಳಿದರೆ ವೆಲ್ಡಿಂಗ್ ಮೆಷಿನ್‌ಗಿಂತ ಕಬ್ಬಿಣ ಕೊಯ್ಯುವ, ಉಜ್ಜುವ ಗ್ರೈಂಡರಿಗೆ ಹೆಚ್ಚು ಹೆದರಬೇಕು. ನಾಲ್ಕು ಇಂಚಿನ ಚಕ್ರ ನಿಮಿಷಕ್ಕೆ 11,000 ಸುತ್ತು ತಿರುಗಿದರೆ ಅದರ ಅಂಚು ಗಂಟೆಗೆ 200 ಕಿಲೋಮೀಟರಿಗೂ ಜೋರಾಗಿ ಓಡುತ್ತಿರುತ್ತದೆ. ಮುಂಬಯಿ ಎಕ್ಸ್‌ಪ್ರೆಸ್‌ವೇ ಮೇಲೆ ಕಾರಿಗೆ ಇರುವ ಮಿತಿ 100. ಒಡೆದ ಚಕ್ರದ ಚೂರು ಆ ವೇಗದಲ್ಲೇ ಹಾರುತ್ತದೆ. ಚಕ್ರಕ್ಕೆ ಅಡ್ಡ ಇರುವ ಗಾರ್ಡ್ ಬಿಚ್ಚಿಟ್ಟು ಕೆಲಸ ಮಾಡುವುದು ನಮ್ಮಲ್ಲಿ ಒಂದು ಶೋಕಿಯಾಗಿದೆ. ಮರ ಕೊಯ್ಯುವ ಹಲ್ಲಿನ ಬ್ಲೇಡನ್ನು ಗ್ರೈಂಡರಿಗೆ ಹಾಕುವವರನ್ನೂ ಕಂಡಿದ್ದೇನೆ. ಅವರ ಬಳಿ ನಿಲ್ಲಬೇಡಿ. ಇನ್ನು ಗ್ರೈಂಡರಿನ ಸದ್ದು. ಪುಣೆಯಲ್ಲಿ ಎಲ್ಲರೂ ಮಲಗುವ ಹೊತ್ತಾದ ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ ಗ್ರೈಂಡರ್ ಹಚ್ಚುವ ಧೈರ್ಯ ನನಗಂತೂ ಇಲ್ಲ.

ಸಾಮಾನು ಎಲ್ಲಿ ಸಿಗುತ್ತದೆ ಎಂದು ಕೇಳುತ್ತೀರಿ. ಬುಧವಾರ ಮತ್ತು ರವಿವಾರ ಪುಣೆಯಲ್ಲಿ ನಡೆಯುವ ಹಳೆ ಸಾಮಾನಿನ ಸಂತೆ ಜುನಾ ಬಾಜಾರಿನಲ್ಲಿ, ತುಂಡನ್ನು ಕಚ್ಚಿ ಹಿಡಿಯುವ ಹಳೆಯ ಬೆಂಚ್ ವೈಸ್, ಅರ, ಇಕ್ಕಳ ನೋಡಿ. ಹೊಸ ಅಗ್ಗದ ವೈಸಿಗಿಂತ ಹಳೆಯದು ಎಷ್ಟೋ ಮೇಲು. ಆದರೆ ಲಾರಿಯ ಕಮಾನು ಪಟ್ಟಿ ಅಗ್ಗಕ್ಕೆ ಸಿಕ್ಕಿತೆಂದು ತಂದು ಮಾಮೂಲಿ ಕಬ್ಬಿಣಕ್ಕೆ ವೆಲ್ಡ್ ಮಾಡಬೇಡಿ. ಆ ಮಾಮೂಲಿ ಕಬ್ಬಿಣದಲ್ಲಿ, ಅಂದರೆ ಮೈಲ್ಡ್ ಸ್ಟೀಲಿನಲ್ಲಿ, ಇಂಗಾಲ ಶೇಕಡಾ 0.25ಕ್ಕಿಂತ ಕಡಿಮೆ, ಕಮಾನಿನಲ್ಲಿ ಅದರ ಎರಡು ಪಾಲು ಇರುತ್ತದೆ. ವೆಲ್ಡ್ ಪಕ್ಕದ ಲೋಹ ಬೇಗ ಆರಿ ಗಡುಸಾಗಿ ಬಿರುಕು ಬಿಡುತ್ತದೆ.

ಹಾಗೇ ನಡೆದು ಕಸಬಾ ಪೇಠೆಯಲ್ಲಿ ತಾಮ್ರದ ಕೆಲಸಗಾರರ ಓಣಿಯಾದ ತಾಂಬಟ್ ಆಳಿಗೂ ಹೋಗಿ ಬನ್ನಿ. ತಾಮ್ರದ ಹಂಡೆಗೆ ಸುತ್ತಿಗೆಯಿಂದ ಒಂದೊಂದೇ ಮಚ್ಚೆ ಮೂಡಿಸುವ ಕುಶಲಕರ್ಮಿಗಳು ಇನ್ನೂ ಇದ್ದಾರೆ. ಬಡಿದಷ್ಟೂ ತಾಮ್ರ ಗಡುಸಾಗುತ್ತದೆ, ಕೆಂಪಗೆ ಕಾಯಿಸಿದರೆ ಮತ್ತೆ ಮೆತ್ತಗಾಗುತ್ತದೆ. ಕಾದದ್ದನ್ನು ನೀರಿಗೆ ಅದ್ದಿದರೂ ಮೆತ್ತಗೇ ಇರುತ್ತದೆ, ಇಂಗಾಲ ಹೆಚ್ಚಿರುವ ಉಕ್ಕಿನ ಸ್ವಭಾವಕ್ಕೆ ಪೂರ್ತಿ ಉಲ್ಟಾ. ವೆಲ್ಡಿಂಗ್ ಬೇಡ, ಹೊಗೆ ಬೇಡ ಎನ್ನುವವರಿಗೆ ಒಂದು ತಾಮ್ರದ ತಗಡು, ಒಂದು ಮರದ ದಿಮ್ಮಿ, ನುಣುಪು ಮುಖದ ಒಂದು ಸುತ್ತಿಗೆ ಸಾಕು.

ಏನು ಮಾಡಬಾರದು ಎಂಬುದನ್ನೂ ಹೇಳಿಬಿಡುತ್ತೇನೆ. ನಾಲ್ಕನೇ ಮಹಡಿಯ ಎಸಿ ಸ್ಟ್ಯಾಂಡು, ಬಾಲ್ಕನಿ ಕಟಕಟೆ, ಕಾರಿನ ಕೆಳಗೆ ಇಡುವ ಸ್ಟ್ಯಾಂಡು, ಮೊಮ್ಮಕ್ಕಳ ಉಯ್ಯಾಲೆಯ ಕೊಂಡಿ. ಇವು ಕಸುಬುದಾರರ ಕೆಲಸ. ಕುಂಡದ ಸ್ಟ್ಯಾಂಡು, ಚಪ್ಪಲಿ ಗೂಡು, ಬೆಂಚು, ತುಳಸಿಕಟ್ಟೆಯ ಜಾಲರಿ, ಇವು ಮುರಿದರೂ ಯಾರ ತಲೆ ಮೇಲೂ ಬೀಳುವುದಿಲ್ಲ.

ನಿಮ್ಮ ವೆಲ್ಡ್ ಗಟ್ಟಿಯೋ ಅಲ್ಲವೋ ತಿಳಿಯಲು ಅದನ್ನು ಮುರಿಯಬೇಕು. ಎರಡು ಪಟ್ಟಿಗಳನ್ನು ಇಂಗ್ಲಿಷಿನ ಟಿ ಆಕಾರದಲ್ಲಿ ನಿಲ್ಲಿಸಿ ಒಂದೇ ಬದಿಗೆ ವೆಲ್ಡ್ ಮಾಡಿ. ಆರಿದ ಮೇಲೆ ವೈಸಿಗೆ ಕಚ್ಚಿಸಿ, ನಿಂತ ಪಟ್ಟಿಯನ್ನು ವೆಲ್ಡ್ ಇರುವ ಕಡೆಗೇ ಸುತ್ತಿಗೆಯಿಂದ ಮಡಚಿ. ಪಟ್ಟಿ ಬಾಗಿ ವೆಲ್ಡ್ ಉಳಿದರೆ ಒಳ್ಳೆಯದು. ವೆಲ್ಡೇ ಕಿತ್ತುಬಂದರೆ ಒಳಗಿನ ಮುಖ ನೋಡಿ. ಕಪ್ಪು ಗಾಜಿನಂಥ ಗೆರೆ ಕಂಡರೆ ಸ್ಲ್ಯಾಗ್ ಸಿಕ್ಕಿಕೊಂಡಿದೆ. ಪಟ್ಟಿಯ ಕತ್ತರಿಸಿದ ಅಂಚು ಹಾಗೇ ಚೂಪಾಗಿ ಉಳಿದಿದ್ದರೆ ಲೋಹ ಕರಗಿಯೇ ಇಲ್ಲ, ಕರೆಂಟ್ ಸಾಲಲಿಲ್ಲ ಎಂದರ್ಥ.

ಅಂಥ ಮೂರು ತುಂಡುಗಳನ್ನು ಚಹಾದ ಮೇಜಿನ ಪಕ್ಕ ಇಟ್ಟಿದ್ದೇನೆ. ಮುರಿದ ಅಂಚು ಹರಿತವಾಗಿದೆ, ಜೋಪಾನವಾಗಿ ಹಿಡಿದು ನೋಡಿ. ಯಾವುದು 60 ಆಂಪಿಯರಿನದು, ಯಾವುದು 80ರದು ಎಂದು ಮೊದಲು ನೀವು ಹೇಳಿ. ಆಮೇಲೆ ಪ್ರಶ್ನೆ ಕೇಳಿ.