ಸ್ಮಾರಕದ ಕಲ್ಲು ತೊಳೆಯುವ ಮುನ್ನ

ಕೇಳುಗರಿಗೆ ನಮಸ್ಕಾರ.

ಸೈನಿಕರ, ನಾವಿಕರ ಹೆಸರು ಕೆತ್ತಿದ ಸ್ಮಾರಕ ಸಣ್ಣ ಊರಿನ ಸ್ಮಶಾನದಲ್ಲಿದ್ದರೆ ಅದು ಮಳೆ ಕಾಣುವುದು ಬೇಕಾದಷ್ಟು, ಬ್ರಷ್ಷು ಕಾಣುವುದು ಮಾತ್ರ ಸಾಮಾನ್ಯವಾಗಿ ಆಗಸ್ಟ್ 15ರ ಹಿಂದಿನ ದಿನ. ಸಕಲೇಶಪುರ, ಮೂಡಿಗೆರೆ ಕಡೆ ಅದು ಸುರಿವ ಮಳೆಯ ಕಾಲ. ಕಲ್ಲು ಒಳಗೆಲ್ಲ ನೀರು ಕುಡಿದಿರುತ್ತದೆ. ಆಗ ಬಳಿದ ಬಣ್ಣ ಬೇಸಿಗೆಗೆ ಗುಳ್ಳೆ ಎದ್ದು ಸಿಪ್ಪೆಯಾಗಿ ಬರುತ್ತದೆ, ಬರುವಾಗ ಅಕ್ಷರದ ಅಂಚನ್ನೂ ಕಿತ್ತುಕೊಂಡು ಬರುತ್ತದೆ. ಕೆಲಸವನ್ನು ನವೆಂಬರಿಗೆ ಇಟ್ಟುಕೊಳ್ಳಿ. ಡಿಸೆಂಬರ್ 4ರ ನೌಕಾಪಡೆ ದಿನಕ್ಕೂ 16ರ ವಿಜಯ ದಿವಸಕ್ಕೂ ಕಲ್ಲು ಸಿದ್ಧವಾಗಿರುತ್ತದೆ.

ಮೊದಲು ಕಲ್ಲು ಯಾವುದೆಂದು ನೋಡಿ. ಹಿಂಬದಿಯಲ್ಲಿ, ನೆಲದ ಹತ್ತಿರ, ಕಾಣದ ಮೂಲೆಯಲ್ಲಿ ಉಗುರಿನಿಂದ ಗೀರಿ. ಗೀರು ಬಿದ್ದರೆ ಬಳಪದ ಕಲ್ಲು, ಹಳೇಬೀಡಿನ ಶಿಲ್ಪಗಳದ್ದೇ ಜಾತಿ. ಉಗುರಿಗೆ ಜಗ್ಗದೆ ಚಾಕುವಿನ ಮೊನೆಗೆ ಗೀರು ಬಿದ್ದರೆ ಬಹುಪಾಲು ಅಮೃತಶಿಲೆ. ಎರಡಕ್ಕೂ ಜಗ್ಗದಿದ್ದರೆ ಗ್ರಾನೈಟು. ಅಮೃತಶಿಲೆಗೆ ಬಚ್ಚಲು ತೊಳೆಯುವ ಆ್ಯಸಿಡ್ ಹಾಕಿದರೆ ನೊರೆ ಬರುತ್ತದಲ್ಲ, ಅದು ಕೊಳೆಯಲ್ಲ, ಕಲ್ಲೇ ಕರಗುತ್ತಿರುವುದು. ಬ್ಲೀಚಿಂಗ್ ಪುಡಿಯೂ ಬೇಡ. ಅದರ ಉಪ್ಪು ಕಲ್ಲಿನ ರಂಧ್ರದೊಳಗೆ ಉಳಿದು, ಒಣಗಿದಾಗ ಹರಳುಗಟ್ಟಿ ಮೇಲ್ಪದರವನ್ನು ಒಡೆಯುತ್ತದೆ.

ಬೇಕಾದದ್ದು ಶುದ್ಧ ನೀರು, ಮೆತ್ತನೆಯ ನೈಲಾನ್ ಬ್ರಷ್ಷು, ಅಕ್ಷರಗಳಿಗೆ ಹಳೆಯ ಹಲ್ಲುಜ್ಜುವ ಬ್ರಷ್ಷು, ಮೂಲೆಗಳಿಗೆ ಬಿದಿರಿನ ಕಡ್ಡಿ. ಕಲ್ಲನ್ನು ಪೂರ್ತಿ ನೆನೆಸಿ, ಕೆಳಗಿನಿಂದ ಮೇಲಕ್ಕೆ ಉಜ್ಜುತ್ತ ಹೋಗಿ. ಮೇಲಿನಿಂದ ಶುರುಮಾಡಿದರೆ ಕೊಳೆನೀರು ಒಣಕಲ್ಲಿನ ಮೇಲಿಳಿದು ಗೆರೆ ಕಟ್ಟುತ್ತದೆ. ಕಲ್ಲುಹೂವನ್ನು ಒಣಗಿದ್ದಾಗ ಕೆರೆಯಬೇಡಿ, ಕಲ್ಲಿನ ಕಣಗಳನ್ನು ಹಿಡಿದುಕೊಂಡೇ ಏಳುತ್ತದೆ. ಒದ್ದೆ ಗೋಣಿಚೀಲ ಹೊದಿಸಿ ಅರ್ಧ ಗಂಟೆ ಬಿಟ್ಟರೆ ಮೆತ್ತಗಾಗುತ್ತದೆ. ಆಮೇಲೂ ಬಾರದಿದ್ದರೆ ಇರಲಿ ಬಿಡಿ, ಕಲೆ ಉಳಿದ ಕಲ್ಲು ಸವೆದ ಕಲ್ಲಿಗಿಂತ ಮೇಲು. ತಂತಿ ಬ್ರಷ್ಷನ್ನಂತೂ ಕಲ್ಲಿನ ಹತ್ತಿರ ತರಲೇಬೇಡಿ. ಉದುರಿದ ಕಬ್ಬಿಣದ ಚೂರು ಮುಂದಿನ ಮಳೆಗೆ ತುಕ್ಕಿನ ಚುಕ್ಕೆಯಾಗುತ್ತದೆ.

ಹಳೆಯ ಅಮೃತಶಿಲೆಯ ಫಲಕಗಳಲ್ಲಿ ಕೆಲವೊಮ್ಮೆ ಅಕ್ಷರಗಳು ಸೀಸದವು, ಸಣ್ಣ ತೂತುಗಳಿಗೆ ಬಡಿದು ಕೂರಿಸಿದ್ದು. ಅಲ್ಲಿ ಬ್ರಷ್ಷಿನ ಕೈ ಹಗುರವಾಗಿರಲಿ. ಯಾವುದಾದರೂ ಅಕ್ಷರ ಬಿದ್ದಿದ್ದರೆ ಆ ತೂತುಗಳ ಸಾಲೇ ಓದಿಗೆ ದಾರಿ, ಅದನ್ನು ಪುಟ್ಟಿ ತುಂಬಿ ಮುಚ್ಚಬೇಡಿ. ಮಾಸಿದ ಕೆತ್ತನೆಯನ್ನು ಓದಲು ಬಣ್ಣವೂ ಬೇಡ, ಸುಣ್ಣವೂ ಬೇಡ. ಕತ್ತಲಾದ ಮೇಲೆ ಟಾರ್ಚನ್ನು ಕಲ್ಲಿನ ಪಕ್ಕಕ್ಕೆ ಒತ್ತಿ ಹಿಡಿದು ಬೆಳಕನ್ನು ಅಡ್ಡಡ್ಡ ಹಾಯಿಸಿ, ಫೋಟೋ ತೆಗೆಯಿರಿ. ಬೇಲೂರು ತಾಲ್ಲೂಕಿನ ಹಲ್ಮಿಡಿ ಶಾಸನದಲ್ಲಿರುವುದೂ ಯುದ್ಧದಲ್ಲಿ ಪರಾಕ್ರಮ ತೋರಿದವನಿಗೆ ಕೊಟ್ಟ ದತ್ತಿಯ ಸಂಗತಿಯೇ. ಕ್ರಿ.ಶ. 450ರ ಸುಮಾರಿನ ಆ ಬರಹವನ್ನು ಇಂದಿಗೂ ಓದಬಹುದು. ಯಾರೂ ಎನಾಮಲ್ ಬಳಿಯದ್ದೂ ಒಂದು ಕಾರಣವಿರಬೇಕು!

ನಾವಿಕರ ಹೆಸರಿನ ವಿಷಯದಲ್ಲಿ ಎಚ್ಚರ ಇನ್ನೂ ಹೆಚ್ಚು ಬೇಕು. 1971ರ ಡಿಸೆಂಬರ್ 9ರಂದು ದಿಯು ಸಮೀಪ ಐಎನ್‌ಎಸ್ ಖುಕ್ರಿ ಮುಳುಗಿದಾಗ 18 ಅಧಿಕಾರಿಗಳು, 176 ನಾವಿಕರು ಸಮುದ್ರದ ಪಾಲಾದರು. ಹಾಗೆ ಹೋದವರಿಗೆ ಸಮಾಧಿಯಿಲ್ಲ, ಊರಿನ ಕಲ್ಲಿನ ಮೇಲಿನ ಒಂದು ಸಾಲೇ ಎಲ್ಲ. ಆದ್ದರಿಂದ ಅಂದಾಜಿನ ಮೇಲೆ ಅಕ್ಷರ ತಿದ್ದಬಾರದು. ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯಲ್ಲಿ ವಿಚಾರಿಸಿ, ಮನೆಯವರ ಬಳಿಯ ದಾಖಲೆ ನೋಡಿ, ಆಮೇಲೆ ಉಳಿ ಹಿಡಿಯುವವರನ್ನು ಕರೆಯಿರಿ.

ನಾವಿಕರ ಸ್ಮಾರಕಕ್ಕೆ ಕಬ್ಬಿಣದ ಲಂಗರು, ಸರಪಳಿ ಕೂರಿಸುವುದುಂಟು. ಕಲ್ಲಿನೊಳಗೆ ಹುಗಿದ ಕಬ್ಬಿಣ ತುಕ್ಕು ಹಿಡಿದಾಗ ಉಬ್ಬುತ್ತದೆ, ಎಂಥ ಗ್ರಾನೈಟನ್ನೂ ಸೀಳುತ್ತದೆ. ಹೊಸದಾಗಿ ಕೂರಿಸುವುದಾದರೆ ಸ್ಟೇನ್‌ಲೆಸ್ ಸ್ಟೀಲಿನ ಕೊಂಡಿ ಹಾಕಿಸಿ.

ಸಂದು ಬಿಟ್ಟಿದ್ದರೆ ಸಿಮೆಂಟು ಮೆತ್ತಬೇಡಿ. ಅದು ನೀರನ್ನು ಹೊರಗೆ ಬಿಡುವುದಿಲ್ಲ, ನೀರು ಪಕ್ಕದ ಕಲ್ಲಿನ ಅಂಚನ್ನೇ ತಿನ್ನುತ್ತದೆ. ಒಂದು ಪಾಲು ಸುಣ್ಣ, ಮೂರು ಪಾಲು ಜರಡಿ ಹಿಡಿದ ಮರಳು, ಮೇಲೆ ಒಂದು ವಾರ ಒದ್ದೆ ಗೋಣಿ. ಕಲ್ಲು ವಾಲಿದ್ದರೆ ಮಾತ್ರ ನಾಲ್ಕು ಜನ ಸೇರಿ ಎತ್ತುವ ಸಾಹಸ ಬೇಡ. ಆರು ಅಡಿ ಎತ್ತರ, ಎರಡೂವರೆ ಅಡಿ ಅಗಲ, ಆರು ಇಂಚು ದಪ್ಪದ ಗ್ರಾನೈಟ್ ಚಪ್ಪಡಿ 570 ಕಿಲೋ ಹತ್ತಿರ ತೂಗುತ್ತದೆ. ಅದಕ್ಕೆ ಚೈನ್‌ಪುಲ್ಲಿ ಇರುವವರೇ ಬರಬೇಕು.