ಸ್ವಂತ ಊರಿಗೇ ಬೇಡವಾದ ಗವರ್ನರ್

ಎಲ್ಲರಿಗೂ ನಮಸ್ಕಾರ.

ಅಮೆರಿಕದ ಕ್ರಾಂತಿ ಅಂದರೆ ವಾಷಿಂಗ್ಟನ್, ಜೆಫರ್ಸನ್, ಫ್ರಾಂಕ್ಲಿನ್ ಹೆಸರುಗಳು ಬರುತ್ತವೆ. ಅವರ ಮೇಲೆ ಬಂದ ಪುಸ್ತಕಗಳಿಗೆ ಲೆಕ್ಕವಿಲ್ಲ. ಇವತ್ತು ನಾನು ಸೋತ ಕಡೆಯ ಒಬ್ಬನ ಬಗ್ಗೆ ಮಾತಾಡುತ್ತೇನೆ. ಥಾಮಸ್ ಹಚಿನ್ಸನ್. ಬ್ರಿಟಿಷ್ ರಾಜನ ಪರವಾಗಿ ಮ್ಯಾಸಚೂಸೆಟ್ಸ್ ಪ್ರಾಂತ್ಯ ಆಳಿದ ಗವರ್ನರ್. ಲಂಡನ್ನಿನಿಂದ ಬಂದಿಳಿದ ಸಾಹೇಬ ಅಂದುಕೊಳ್ಳಬೇಡಿ. ಹುಟ್ಟಿದ್ದು ಆ ಪ್ರಾಂತ್ಯದ ರಾಜಧಾನಿ ಬಾಸ್ಟನ್ನಿನಲ್ಲೇ, 1711ರಲ್ಲಿ. ಓದಿದ್ದು ಹಾರ್ವರ್ಡಿನಲ್ಲಿ. ವ್ಯಾಪಾರಸ್ಥರ ಮನೆತನ, ಆತ ಹುಟ್ಟುವ ಹೊತ್ತಿಗೆ ಅಲ್ಲಿಗೆ ಬಂದು ಎಪ್ಪತ್ತು ವರ್ಷ ದಾಟಿತ್ತು.

ಬುದ್ಧಿವಂತ, ಅದರಲ್ಲಿ ಎರಡು ಮಾತಿಲ್ಲ. 1749ರಲ್ಲಿ ಆತ ಪ್ರಾಂತ್ಯದ ಶಾಸನಸಭೆಯ ಸ್ಪೀಕರ್. ಅಲ್ಲಿ ಚಲಾವಣೆಯಲ್ಲಿದ್ದ ಕಾಗದದ ನೋಟಿನ ಬೆಲೆ ಆಗ ನೆಲಕಚ್ಚಿತ್ತು. ಫ್ರೆಂಚರ ಲೂಯಿಬರ್ಗ್ ಕೋಟೆ ಗೆದ್ದ ಯುದ್ಧದ ಖರ್ಚಿಗೆಂದು ಬ್ರಿಟಿಷ್ ಪಾರ್ಲಿಮೆಂಟು ಸುಮಾರು 1,83,000 ಪೌಂಡ್ ಕೊಟ್ಟಿತು. ಆ ದುಡ್ಡನ್ನು ಬೆಳ್ಳಿ ನಾಣ್ಯದಲ್ಲಿ ತರಿಸಿ ಹಳೇ ನೋಟುಗಳನ್ನೆಲ್ಲ ವಾಪಸ್ ಪಡೆಯೋಣ ಅಂತ ಹಟ ಹಿಡಿದವನು ಹಚಿನ್ಸನ್. ಲೆಕ್ಕ ಸರಿಯಿತ್ತು, ಯೋಜನೆ ಗೆದ್ದಿತು. ಆದರೆ ನೋಟು ನಂಬಿ ಸಾಲ ಮಾಡಿದ್ದವರಿಗೆ ಹೊಟ್ಟೆ ಉರಿಯಿತು. ಆ ವರ್ಷ ಬಾಸ್ಟನ್ ಜನ ಅವನನ್ನು ಚುನಾವಣೆಯಲ್ಲಿ ಸೋಲಿಸಿದರು. ಮುಂದೆ ಅವನ ಕಡುವೈರಿಯಾದ ಜಾನ್ ಆಡಮ್ಸ್ ಕೂಡ ಮುಪ್ಪಿನಲ್ಲಿ ಒಪ್ಪಿಕೊಂಡ: ನಾಣ್ಯ, ವ್ಯಾಪಾರದ ವಿಷಯ ಇವನಷ್ಟು ಬಲ್ಲವರನ್ನು ನಾನು ನೋಡಲಿಲ್ಲ ಅಂತ.

ಅವನ ಇಡೀ ಬದುಕಿಗೆ ಇದೇ ಚಾಳಿ ಅಂಟಿಕೊಂಡಿತು. ಕಾಯ್ದೆಯ ಲೆಕ್ಕದಲ್ಲಿ ಸರಿ, ಜನರ ಲೆಕ್ಕದಲ್ಲಿ ಸೊನ್ನೆ.

ಇನ್ನೊಂದು ದೌರ್ಬಲ್ಯವೂ ಇತ್ತು, ಅದನ್ನು ಮುಚ್ಚಿಡುವುದು ಬೇಡ. 1760ರ ಹೊತ್ತಿಗೆ ಆತ ಲೆಫ್ಟಿನೆಂಟ್ ಗವರ್ನರ್, ಅದರ ಜೊತೆಗೆ ಮುಖ್ಯ ನ್ಯಾಯಾಧೀಶ, ಸಾಲದ್ದಕ್ಕೆ ಗವರ್ನರ್ ಮಂಡಳಿಯ ಸದಸ್ಯ. ಮುಖ್ಯ ನ್ಯಾಯಾಧೀಶನಾಗಲು ವಕೀಲಿಕೆ ಕೂಡ ಕಲಿತಿರಲಿಲ್ಲ! ಷಡ್ಡಕ ಆ್ಯಂಡ್ರೂ ಆಲಿವರ್ ಪ್ರಾಂತ್ಯದ ಕಾರ್ಯದರ್ಶಿ. ಆ್ಯಂಡ್ರೂವಿನ ತಮ್ಮ ಪೀಟರ್ ಮುಂದೆ ಹಚಿನ್ಸನ್‌ಗೆ ಬೀಗನೂ ಆದ, ಮುಖ್ಯ ನ್ಯಾಯಾಧೀಶನೂ ಆದ. ಇದನ್ನೆಲ್ಲ ನೋಡಿ ಜನ ಸುಮ್ನೆ ಇರ್ತಾರಾ?

1765ರಲ್ಲಿ ಸ್ಟ್ಯಾಂಪ್ ಕಾಯ್ದೆ ಬಂತು. ಪತ್ರಿಕೆ, ಕರಾರು, ಇಸ್ಪೀಟ್ ಎಲೆ, ಎಲ್ಲದಕ್ಕೂ ಸುಂಕದ ಮುದ್ರೆ. ಸ್ಟ್ಯಾಂಪ್ ಹಂಚುವ ಕೆಲಸಕ್ಕೆ ನೇಮಕವಾದವನು ಅದೇ ಷಡ್ಡಕ ಆ್ಯಂಡ್ರೂ. ಹಚಿನ್ಸನ್‌ಗೆ ಒಳಗೊಳಗೆ ಈ ಕಾಯ್ದೆ ಇಷ್ಟವಿರಲಿಲ್ಲ. ಇದು ಬೇಡ ಅಂತ ಇಂಗ್ಲೆಂಡಿನವರಿಗೆ ಬರೆದು ತಿಳಿಸಿದ್ದ. ಆದರೆ ಊರಿನಲ್ಲಿ ಬಾಯಿ ಬಿಡಲಿಲ್ಲ. ಪಾರ್ಲಿಮೆಂಟು ಪಾಸು ಮಾಡಿದ ಮೇಲೆ ಪಾಲಿಸಬೇಕು, ಅಷ್ಟೇ.

ಆಗಸ್ಟ್ 26ರ ರಾತ್ರಿ ಆತ ಮನೆಯಲ್ಲಿ ಮಕ್ಕಳ ಜೊತೆ ಊಟಕ್ಕೆ ಕೂತಿದ್ದ. ಗುಂಪು ಬರುತ್ತಿದೆ ಅಂತ ಸುದ್ದಿ ಬಂತು. ಮಕ್ಕಳನ್ನು ಕಳಿಸಿ ತಾನು ಬಾಗಿಲು ಹಾಕಿಕೊಂಡು ಇರೋಣ ಅಂದುಕೊಂಡ. ದೊಡ್ಡ ಮಗಳು ವಾಪಸ್ ಬಂದಳು. ನೀವು ಬರದಿದ್ದರೆ ನಾನೂ ಇಲ್ಲೇ ಇರುತ್ತೇನೆ ಅಂದಳು. ಅವಳಿಗೋಸ್ಕರ ಆತ ಹೊರಟ. ಅದರಿಂದ ಜೀವ ಉಳಿಯಿತು. ಜನ ಕೊಡಲಿಯಿಂದ ಬಾಗಿಲು ಸೀಳಿದರು. ಗೋಡೆಯ ಹಲಗೆ ಕಿತ್ತರು, ಛಾವಣಿ ಬಿಚ್ಚಿದರು, ತೋಟದ ಮರ ಕಡಿದರು. ಸುಮಾರು ಒಂಬೈನೂರು ಪೌಂಡ್ ನಗದು ಹೋಯಿತು. ಮಾರನೇ ದಿನ ಕೋರ್ಟಿಗೆ ಬಂದಾಗ ಮುಖ್ಯ ನ್ಯಾಯಾಧೀಶನ ಮೈಮೇಲೆ ನಿಲುವಂಗಿ ಇರಲಿಲ್ಲ. ಉಟ್ಟ ಬಟ್ಟೆ ಬಿಟ್ಟರೆ ಬೇರೆ ಉಳಿದಿರಲಿಲ್ಲ.

ಆ ಮನೆಯಲ್ಲಿ ಒಂದು ಹಸ್ತಪ್ರತಿ ಇತ್ತು. ಹಚಿನ್ಸನ್ ಇತಿಹಾಸಕಾರನೂ ಹೌದು. ಮ್ಯಾಸಚೂಸೆಟ್ಸಿನ ಇತಿಹಾಸದ ಮೊದಲ ಸಂಪುಟ ಹಿಂದಿನ ವರ್ಷವಷ್ಟೇ ಅಚ್ಚಾಗಿತ್ತು. ಎರಡನೆಯದರ ಹಾಳೆಗಳು ಬೀದಿಯ ಕೆಸರಿನಲ್ಲಿ ಬಿದ್ದವು. ಆ್ಯಂಡ್ರೂ ಎಲಿಯಟ್ ಎಂಬ ಪಾದ್ರಿ ಅವನ್ನು ಹೆಕ್ಕಿಸಿ ಜೋಡಿಸಿಟ್ಟ. 1767ರಲ್ಲಿ ಪುಸ್ತಕ ಹೊರಬಂತು. ಕೆಸರಿನ ಕಲೆ ಹತ್ತಿದ ಆ ಹಾಳೆಗಳು ಇವತ್ತಿಗೂ ಬಾಸ್ಟನ್ನಿನಲ್ಲಿವೆ.

1770ರ ಗುಂಡಿನ ಪ್ರಕರಣ ಬೇಗ ಹೇಳಿ ಮುಗಿಸುತ್ತೇನೆ. ಬಾಸ್ಟನ್ನಿನಲ್ಲಿ ಬ್ರಿಟಿಷ್ ಸಿಪಾಯಿಗಳ ಗುಂಡಿಗೆ ಊರಿನ ಐದು ಜನ ಸತ್ತರು. ಅದೇ ರಾತ್ರಿ ಹಚಿನ್ಸನ್ ಟೌನ್ ಹೌಸ್ ಬಾಲ್ಕನಿಯಲ್ಲಿ ನಿಂತು, ಕಾನೂನು ತನ್ನ ದಾರಿ ಹಿಡಿಯುತ್ತದೆ ಅಂತ ಮಾತು ಕೊಟ್ಟ. ಗುಂಪು ಚದುರಿತು. ಆತ ಜನರೆದುರು ನಿಂತು ಮಾತಾಡಿ ಗೆದ್ದ ಅಪರೂಪದ ದಿನ ಅದು.

1773ರಲ್ಲಿ ಅವನ ಹಳೇ ಖಾಸಗಿ ಪತ್ರಗಳು ಬಯಲಾದವು. ಅವನ್ನು ಲಂಡನ್ನಿನಿಂದ ಕಳಿಸಿದವನು ಬೆಂಜಮಿನ್ ಫ್ರಾಂಕ್ಲಿನ್. ‘ಇಂಗ್ಲಿಷ್ ಸ್ವಾತಂತ್ರ್ಯಗಳು’ ಅನ್ನುವುದರಲ್ಲಿ ಇಲ್ಲಿ ಒಂದಷ್ಟು ಕಡಿತ ಆಗಲೇಬೇಕು ಎಂಬ ಸಾಲು ಅದರಲ್ಲಿತ್ತು. ಬರೆದದ್ದು ದುಃಖದಿಂದ ಅಂತ ಆತ ಹೇಳಿದ. ಯಾರು ಕೇಳ್ತಾರೆ? ಆ ಸಾಲು ಅವನದೇ, ಅಲ್ವಾ?

ಅದೇ ವರ್ಷದ ಕೊನೆಗೆ ಚಹಾ ಬಂತು. ಈಸ್ಟ್ ಇಂಡಿಯಾ ಕಂಪನಿಯ ಚಹಾ, ಚೀನಾದ ಸೊಪ್ಪು. ನಮ್ಮ ಹೈದರಾಲಿ ಜೊತೆ ಮೊದಲ ಮೈಸೂರು ಯುದ್ಧ ಮಾಡಿದ್ದು ಇದೇ ಕಂಪನಿ. ಆ ಯುದ್ಧದ ಕೆಟ್ಟ ಸುದ್ದಿ ಮುಟ್ಟಿದಾಗ 1769ರಲ್ಲಿ ಲಂಡನ್ನಿನಲ್ಲಿ ಅದರ ಷೇರು ಬಿದ್ದಿತ್ತು. 1772ರಲ್ಲಿ ಕಂಪನಿ ಪೂರ್ತಿ ಸಾಲದಲ್ಲಿ ಮುಳುಗಿತು. ಅದನ್ನು ಎತ್ತಲು ಪಾರ್ಲಿಮೆಂಟು ಚಹಾ ಕಾಯ್ದೆ ಮಾಡಿತು. ಬಾಸ್ಟನ್ನಿನಲ್ಲಿ ಆ ಚಹಾ ಮಾರಲು ಆರಿಸಿದ್ದ ವ್ಯಾಪಾರಿಗಳಲ್ಲಿ ಇಬ್ಬರು ಹಚಿನ್ಸನ್‌ನ ಗಂಡುಮಕ್ಕಳು!

ಪಾರ್ಲಿಮೆಂಟು ಹಾಕಿದ ಚಹಾ ಸುಂಕ ಕಟ್ಟಲು ಊರಿನವರು ಒಪ್ಪಲಿಲ್ಲ, ಹಡಗು ಹಾಗೇ ವಾಪಸ್ ಹೋಗಲಿ ಅಂದರು. ಆದರೆ ಬಂದರಿಗೆ ಬಂದ ಹಡಗು ಇಪ್ಪತ್ತು ದಿನದೊಳಗೆ ಸುಂಕ ಕಟ್ಟಬೇಕು, ಇಲ್ಲದಿದ್ದರೆ ಸರಕು ಜಪ್ತಿ. ‘ಡಾರ್ಟ್‌ಮತ್’ ಹಡಗಿಗೆ ಡಿಸೆಂಬರ್ 17 ಕೊನೆಯ ದಿನ. 16ರಂದು ಊರಿನವರು ಸಾವಿರಾರು ಜನ ಓಲ್ಡ್ ಸೌತ್ ಸಭಾಭವನದಲ್ಲಿ ಸೇರಿ, ಹಡಗಿನ ಯಜಮಾನರ ಪೈಕಿ ಒಬ್ಬನಾದ ಫ್ರಾನ್ಸಿಸ್ ರಾಚ್‌ನನ್ನು ಹತ್ತಿರದ ಮಿಲ್ಟನ್ ಊರಿಗೆ ಅಟ್ಟಿದರು. ಹಚಿನ್ಸನ್ ಆಗ ಅಲ್ಲಿನ ಬೆಟ್ಟದ ಮನೆಯಲ್ಲಿದ್ದ. ಹಡಗು ವಾಪಸ್ ಹೋಗಲು ರಹದಾರಿ ಕೊಡಿ ಅಂತ ರಾಚ್ ಬೇಡಿಕೊಂಡ. ಸುಂಕದ ಕಚೇರಿ ಚೀಟಿ ಕೊಡದೆ ನಾನು ಕೊಡುವ ಹಾಗಿಲ್ಲ ಅಂದ ಗವರ್ನರ್. ಕಾನೂನು ಹಾಗೇ ಇತ್ತು. ಕತ್ತಲಾದ ಮೇಲೆ ರಾಚ್ ಬರಿಗೈಲಿ ವಾಪಸಾದ. ಆ ರಾತ್ರಿಯೇ ಊರಿನವರು 342 ಪೆಟ್ಟಿಗೆ ಚಹಾ ಸಮುದ್ರಕ್ಕೆ ಸುರಿದರು. ನ್ಯೂಯಾರ್ಕ್, ಫಿಲಡೆಲ್ಫಿಯಾಗಳಿಂದ ಚಹಾ ಹಡಗುಗಳು ಸರಕು ಇಳಿಸದೆ ಹಿಂತಿರುಗಿದವು. ಇಲ್ಲೂ ಒಂದು ರಹದಾರಿ ಬರೆದುಕೊಟ್ಟಿದ್ದರೆ ಆಕಾಶ ಬೀಳುತ್ತಿರಲಿಲ್ಲ ಅಂತ ನನಗೆ ಅನಿಸುತ್ತದೆ. ಇಲ್ಲಿ ನಾನು ಅವನ ಪರ ವಾದ ಮಾಡಲಾರೆ.

1774ರ ಜೂನ್ 1ರಂದು ಆತ ಇಂಗ್ಲೆಂಡಿಗೆ ಹಡಗು ಹತ್ತಿದ. ಗಲಾಟೆ ತಣ್ಣಗಾದ ಮೇಲೆ ವಾಪಸ್ ಬರುವ ಲೆಕ್ಕ. ಬರಲಿಲ್ಲ. ಜುಲೈ 1ರಂದು ಮೂರನೇ ಜಾರ್ಜ್ ಕರೆಸಿ ಅಮೆರಿಕದ ಸಂಗತಿ ಕೇಳಿದ. ಆಕ್ಸ್‌ಫರ್ಡ್ ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ಕೊಟ್ಟಿತು. ಯಾವತ್ತು ಗೊತ್ತಾ? 1776ರ ಜುಲೈ 4. ಅತ್ತ ಮ್ಯಾಸಚೂಸೆಟ್ಸ್ ಸರ್ಕಾರ ಅವನ ಆಸ್ತಿಯನ್ನೆಲ್ಲ ಮುಟ್ಟುಗೋಲು ಹಾಕಿಕೊಂಡಿತು. ಇಂಗ್ಲೆಂಡಿನ ದೊಡ್ಡ ದೊರೆಯ ಬಂಗಲೆಗಿಂತ ತನ್ನ ನಾಡಾದ ಅಮೆರಿಕದ ನ್ಯೂ ಇಂಗ್ಲೆಂಡಿನ ಹಳ್ಳಿಯ ತೋಟದ ಮನೆಯಲ್ಲಿ ಸಾಯುವುದೇ ಮೇಲು ಅಂತ ಆತ ಬರೆದಿದ್ದಾನೆ. 1777ರಲ್ಲಿ ಮಗಳು ಪೆಗ್ಗಿ ತೀರಿಕೊಂಡಳು, 1780ರಲ್ಲಿ ಕಿರಿ ಮಗ ಬಿಲ್ಲಿ. ಅದೇ ವರ್ಷ ಜೂನ್ 3ರಂದು ಆತನೂ ಹೋದ. ಮಣ್ಣಾದದ್ದು ಲಂಡನ್ ಪಕ್ಕದ ಕ್ರಾಯ್ಡನ್ನಿನಲ್ಲಿ.

ಪರದೇಶದಲ್ಲಿ ಕೂತು ಆತ ಇತಿಹಾಸದ ಮೂರನೇ ಸಂಪುಟ ಬರೆದಿದ್ದ. 1749ರಿಂದ 1774ರವರೆಗಿನ ಕತೆ, ಅಂದರೆ ತನ್ನದೇ ಕಾಲದ್ದು. ಅದು ಅಚ್ಚಾದದ್ದು 1828ರಲ್ಲಿ, ಮೊಮ್ಮಗನಿಂದ. ಅವನ ಜೀವನಚರಿತ್ರೆ ಬರೆಯಲು ಹೊರಟವರು ಮೊದಲು ಓದಬೇಕಾದದ್ದು ಅದನ್ನೇ. ಮನೆ ಒಡೆದ ರಾತ್ರಿ, ಚಹಾ ರಹದಾರಿ, ಎಲ್ಲ ಅಲ್ಲಿದೆ. ಆದರೆ ‘ನಾನು’ ಅನ್ನುವುದಿಲ್ಲ. ‘ಲೆಫ್ಟಿನೆಂಟ್ ಗವರ್ನರ್’ ಹೀಗೆ ಮಾಡಿದ, ‘ಗವರ್ನರ್’ ಹೀಗೆ ಅಂದ ಅಂತಲೇ ಬರೆದುಕೊಂಡಿದ್ದಾನೆ.